ಓಟಗಾರನ ಹೆಸರಿನಲ್ಲಿ ಮಲಗಿದವನು

ಅಧ್ಯಾಯ ಒಂಬತ್ತು

"ಈ ಕಾಲು ಅವನದಲ್ಲ ತಾಯಿ," ಎಂದು ಮುದುಕ ಕಾಗದವನ್ನು ವಾಪಸು ಕೊಟ್ಟ.

ಶೂ ಹೊಲಿಯುವ ಅಜ್ಜನ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿರಬೇಕು. ಗೋಡೆಯ ತುಂಬ ಮರದ ಅಚ್ಚುಗಳು ಜೋಡಿ ಜೋಡಿಯಾಗಿ ಮೊಳೆಗೆ ನೇತುಬಿದ್ದಿದ್ದವು. ಒಂದೊಂದು ಜೋಡಿಯೂ ಒಬ್ಬೊಬ್ಬ ಗಿರಾಕಿಯ ಪಾದದ ತದ್ರೂಪು. ಸತ್ತವರದೂ ಇದ್ದವು, ಊರು ಬಿಟ್ಟವರದೂ ಇದ್ದವು. ಯಾವುದನ್ನೂ ಅಜ್ಜ ಒಲೆಗೆ ಹಾಕಿರಲಿಲ್ಲ.

ಕಡತದಮ್ಮ ಆ ಕಾಗದವನ್ನು ಮತ್ತೆ ಅವನ ಮುಂದೆ ಹಿಡಿದಳು. "ಇನ್ನೊಂದು ಸಲ ನೋಡಿ ಅಜ್ಜ. ಹತ್ತೊಂಬತ್ತು ವರ್ಷದ ಹಿಂದಿನ ಮಾತು."

"ಹತ್ತೊಂಬತ್ತಲ್ಲ, ತೊಂಬತ್ತಾಗಲಿ. ಕಡಿದ ಮರ ಬೆಳೆಯುತ್ತಾ?"

ಆಕೆಗೆ ಕಡತದಮ್ಮ ಎಂಬ ಹೆಸರು ಇಟ್ಟವರು ಪೊಲೀಸರು. ಇಲಾಖೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಧೂಳು ಕುಡಿದು, ಕೊನೆಗೆ ಕೆಲಸ ಬಿಟ್ಟು, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ವಂತ ಪತ್ತೇದಾರಿ ಶುರು ಮಾಡಿದವಳು. ಕಾಣೆಯಾದವರನ್ನು ಹುಡುಕುವುದೇ ಅವಳ ಕಸುಬು. ಈಗ ಹುಡುಕುತ್ತಿದ್ದದ್ದು ಒಬ್ಬ ಚಿತ್ರಕಾರನನ್ನು. ಅದೇ ಹೆಸರಿನ ಒಬ್ಬ ಓಟಗಾರ, ಚಿತ್ರಕಾರ ಕಾಣೆಯಾದ ವಾರವೇ ಹೊಳೆಯಲ್ಲಿ ಹೆಣವಾಗಿ ಸಿಕ್ಕಿದ್ದ ಎಂಬುದು ಮೊನ್ನೆ ತಾನೇ ಅವಳ ಕಣ್ಣಿಗೆ ಬಿದ್ದಿತ್ತು.

ಒಂದೇ ಹೆಸರು. ಹೆಚ್ಚುಕಡಿಮೆ ಒಂದೇ ವಯಸ್ಸು. ಒಂದೇ ವಾರ.

ಹೆಣದ ಮುಖ ಗುರುತು ಸಿಗದಂತಾಗಿತ್ತು. ಹಾಗಾಗಿ ವೈದ್ಯರು ಮೈಯ ಅಳತೆಗಳನ್ನೆಲ್ಲ ಬರೆದಿಟ್ಟಿದ್ದರು. ಪಾದದ ಉದ್ದ ಇಪ್ಪತ್ತೈದು ಸೆಂಟಿಮೀಟರ್. ಹತ್ತೂ ಬೆರಳಿನ ಉಗುರುಗಳು ಪೂರ್ತಿಯಾಗಿವೆ. ಅಂಗಾಲು ಮೆತ್ತಗಿದೆ.

ಅಜ್ಜ ಮೂಲೆಯ ಮೊಳೆಯಿಂದ ಒಂದು ಜೋಡಿ ಅಚ್ಚು ಇಳಿಸಿ, ಒರೆಸಿ, ಅವಳ ಮಡಿಲಿಗೆ ಇಟ್ಟ. "ಇದು ನಮ್ಮ ಓಟಗಾರನದು. ಅಳೆದು ನೋಡಿ. ಇಪ್ಪತ್ತೇಳು ಮುಕ್ಕಾಲು. ಹೆಬ್ಬೆರಳಿನ ಉಗುರು ಎರಡೂ ಬಿದ್ದುಹೋಗಿದ್ವು, ಅದಕ್ಕೇ ಮುಂದೆ ಸ್ವಲ್ಪ ಜಾಗ ಜಾಸ್ತಿ ಬಿಟ್ಟಿದ್ದೆ. ಅಂಗಾಲು ಮುಟ್ಟಿದ್ರೆ ಮೆಟ್ಟಿನ ಅಟ್ಟೆ ಮುಟ್ಟಿದ ಹಾಗಿರೋದು. ನಿಮ್ಮ ಕಾಗದದಲ್ಲಿರೋದು ಯಾರೋ ಕೂತು ತಿಂದೋರ ಕಾಲು."

"ನಾಲ್ಕು ದಿನ ನೀರಲ್ಲಿತ್ತು ಅಜ್ಜ."

"ನೀರಲ್ಲಿ ನೆನೆದ ಕಾಲು ಊದುತ್ತೆ. ಕುಗ್ಗಲ್ಲ. ಉಗುರು ಬೆಳೆಯೋದಂತೂ ನಾನು ಕೇಳಿಲ್ಲ."

ಕಡತದಮ್ಮ ಅಚ್ಚಿನ ಮೇಲೆ ಅಳತೆಪಟ್ಟಿ ಎಳೆದಳು. ಅಜ್ಜನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಆವತ್ತೇ ಯಾಕೆ ಹೇಳಲಿಲ್ಲ ನೀವು?"

"ಕಾಲು ಯಾರು ತೋರಿಸಿದ್ರು? ಬಟ್ಟೆ ಸುತ್ತಿ ಪೆಟ್ಟಿಗೇಲಿ ಇಟ್ಟಿದ್ರು. ಊರಿಗೆ ಊರೇ ಸೇರಿತ್ತು. ನಾನು ಅವನಿಗೇ ಅಂತ ಹೊಲಿದಿಟ್ಟ ಹೊಸ ಜೋಡಿ ತಗೊಂಡು ಹೋದೆ. ಮುಂದಿನ ಓಟಕ್ಕೆ ಅಂತ ಮಾಡಿದ್ದು. ಜೊತೇಲಿ ಇಟ್ಟುಬಿಡೋಣ ಅಂತ." ಮುದುಕನ ಕೈ ಸುಮ್ಮನೆ ಮಡಿಲಲ್ಲಿ ಕೂತಿತು. "ಅವನ ಅಕ್ಕ ಬಿಡಲಿಲ್ಲ. ನನಗೆ ಕೊಡಿ, ಮನೇಲಿ ಇಟ್ಕೋತೀನಿ ಅಂತ ಇಸ್ಕೊಂಡ್ಲು. ಪಾಪ, ನೆನಪಿಗೆ ಅಂದ್ಕೊಂಡೆ."

ಕಡತದಮ್ಮ ಎದ್ದು ನಿಂತಳು.

"ಆ ಶೂ ಬಣ್ಣ ಯಾವುದು ಅಜ್ಜ?"

"ಬಿಳಿ. ಹಿಮ್ಮಡಿ ಹತ್ರ ಕೆಂಪು ದಾರ. ಎರಡು ಹೊಲಿಗೆ ಜಾಸ್ತಿ ಹಾಕಿದ್ದೆ. ಅವನು ಹಿಮ್ಮಡಿ ಎಳೆದು ಹಾಕೋನು."

•

ಕ್ರೀಡಾಂಗಣ ಅಲ್ಲಿಂದ ಕಾಲು ಗಂಟೆಯ ನಡಿಗೆ. ಮಧ್ಯಾಹ್ನದ ಬಿಸಿಲಿಗೆ ಮಣ್ಣಿನ ಓಟದ ಹಾದಿ ಬೆಳ್ಳಗೆ ಹೊಳೆಯುತ್ತಿತ್ತು. ಗೋಡೆಯ ಮೇಲಿನ ಹಲಗೆಯಲ್ಲಿ ಓಟಗಾರನ ಹೆಸರು ದೊಡ್ಡದಾಗಿ ಬರೆದಿತ್ತು. ಹತ್ತು ಸಾವಿರ ಮೀಟರಿನ ಅವನ ದಾಖಲೆಯನ್ನು ಇನ್ನೂ ಯಾರೂ ಮುರಿದಿರಲಿಲ್ಲ.

ಈ ಹೆಸರಿನ ತಮಾಷೆಯೇ ತಮಾಷೆ. ಅವನು ಓಡುತ್ತಿದ್ದ ಕಾಲಕ್ಕೆ ಆ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುತ್ತಿದ್ದದ್ದು ಓಟಗಾರನೇ. ಚಿತ್ರಕಾರನನ್ನು ಆಗ ಅವನ ಓಣಿಯವರೂ ಮೂಸಿ ನೋಡುತ್ತಿರಲಿಲ್ಲ. ಅವನು ಕಾಣೆಯಾಗಿ ಏಳೆಂಟು ವರ್ಷದ ಮೇಲೆ ಯಾರೋ ಅವನ ಚಿತ್ರಗಳನ್ನು ಹೊರಗೆ ತಂದರು, ಸಂಗ್ರಹಾಲಯದವರು ಒಂದು ಕೋಣೆಯನ್ನೇ ಬಿಟ್ಟುಕೊಟ್ಟರು. ಈಗ ಅದೇ ಹೆಸರು ಹೇಳಿದರೆ ಓದಿದವರಿಗೆ ನೆನಪಾಗುವುದು ಚಿತ್ರಕಾರ. ಹೋದ ವರ್ಷ ಬಂದ ಗಣ್ಯರ ಕೋಶದಲ್ಲಿ ಇಬ್ಬರೂ ಒಂದೇ ಪುಟದಲ್ಲಿ ಮೇಲೊಬ್ಬ, ಕೆಳಗೊಬ್ಬ.

ಪುಣ್ಯಕ್ಕೋ ಪಾಪಕ್ಕೋ, ಹೆಣ ಸಿಕ್ಕಿದ ದಿನ ಹೆಸರು ಒಬ್ಬನಿಗೇ ಸೇರಿತ್ತು.

ಓಟಗಾರನ ಅಕ್ಕ ಹಾದಿಯ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಅರವತ್ತನಾಲ್ಕು ವರ್ಷ. ಕ್ರೀಡಾಂಗಣದ ಸಮಯಪಾಲಕಿಯಾಗಿ ನಿವೃತ್ತಿಯಾದರೂ ದಿನಾ ಬರುತ್ತಾಳೆ. ಕೊರಳಲ್ಲಿ ಸ್ಟಾಪ್‌ವಾಚು, ಮಡಿಲಲ್ಲಿ ನೋಟುಬುಕ್ಕು. ಅಲ್ಲಿಯವರಿಗೆಲ್ಲ ಅವಳು ಗಡಿಯಾರದಕ್ಕ.

"ಮತ್ತೆ ಬಂದ್ರಾ?" ಎಂದಳು, ಓಡುವ ಹುಡುಗಿಯರ ಮೇಲಿನ ಕಣ್ಣು ತೆಗೆಯದೆ. "ಮೊನ್ನೆನೇ ಎಲ್ಲ ಹೇಳಿದ್ನಲ್ಲ."

"ಒಂದೇ ಒಂದು ಪ್ರಶ್ನೆ ಉಳೀತು ಅಕ್ಕ."

"ಕೇಳಿ."

"ಹೆಣದ ಜೇಬಲ್ಲಿ ಸಿಕ್ಕಿದ ಚೀಟಿ. ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ನೀರಲ್ಲಿ ಅಳಿಸಿಹೋಗಿತ್ತು. ಅದು ಗ್ರಂಥಾಲಯದ ಚೀಟಿ ಅಂತ ಕಡತದಲ್ಲಿದೆ. ನಿಮ್ಮ ತಮ್ಮ ಪುಸ್ತಕ ಓದ್ತಿದ್ರಾ?"

"ಓದ್ತಿದ್ದ."

"ಯಾವುದು?"

ಗಡಿಯಾರದಕ್ಕ ತಿರುಗಿ ನೋಡಿದಳು. ಆಮೇಲೆ, ತನಗೇ ತಡೆಯಲಾಗದೆ, ತುಟಿಯ ಅಂಚಿನಲ್ಲಿ ಒಂದು ನಗು ಬಂತು. "ಅವನು ಶಾಲೆ ಬಿಟ್ಟ ಮೇಲೆ ಓದಿದ್ದು ಬಸ್ಸಿನ ಬೋರ್ಡು ಮಾತ್ರ."

"ಹಂಗಾದ್ರೆ ಚೀಟಿ ಯಾರದು?"

"ಪೊಲೀಸ್ನೋರು ಅವನದು ಅಂದ್ರು. ಹೆಸರಿತ್ತಲ್ಲ."

"ಆ ಹೆಸರು ಇನ್ನೊಬ್ಬರಿಗೂ ಇತ್ತು."

ಹುಡುಗಿಯರು ಒಂದು ಸುತ್ತು ಮುಗಿಸಿ ಮುಂದೆ ಹಾದರು. ಗಡಿಯಾರದಕ್ಕನ ಹೆಬ್ಬೆರಳು ಗುಂಡಿ ಒತ್ತಲು ಮರೆಯಿತು.

ಕಡತದಮ್ಮ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ದನಿ ಏರಿಸಲಿಲ್ಲ. "ಅಕ್ಕ, ಬಿಳಿ ಶೂ. ಹಿಮ್ಮಡಿ ಹತ್ರ ಕೆಂಪು ದಾರ. ಪೆಟ್ಟಿಗೇಲಿ ಇಡೋಕೆ ನೀವು ಬಿಡಲಿಲ್ಲ. ಮನೇಲಿ ಇಟ್ಕೋತೀನಿ ಅಂದ್ರಿ. ಮೊನ್ನೆ ನಿಮ್ಮ ಮನೇಲಿ ಅವರ ಎಲ್ಲಾ ಸಾಮಾನೂ ನೋಡಿದೆ. ಪದಕ, ಬನಿಯನ್ನು, ಹರಿದ ಕಾಲುಚೀಲ ಕೂಡ ಮಡಿಸಿ ಇಟ್ಟಿದ್ದೀರಿ. ಆ ಶೂ ಮಾತ್ರ ಇರಲಿಲ್ಲ."

"ಯಾರಿಗೋ ಕೊಟ್ಟೆ."

"ಯಾರಿಗೆ?"

"ನೆನಪಿಲ್ಲ."

"ಇಪ್ಪತ್ತೇಳು ಮುಕ್ಕಾಲು ಅಳತೆ ಯಾರ ಕಾಲಿಗೆ ಸರಿಹೋಯ್ತು?"

ಗಡಿಯಾರದಕ್ಕ ನೋಟುಬುಕ್ಕು ಮುಚ್ಚಿದಳು. ಪೆನ್ನಿಗೆ ಮುಚ್ಚಳ ಹಾಕಲು ಎರಡು ಸಲ ಹೋಗಿ ಎರಡು ಸಲವೂ ತಪ್ಪಿದಳು. ಮೂರನೆಯ ಸಲ ಪೆನ್ನನ್ನು ಹಾಗೇ ಪಕ್ಕಕ್ಕಿಟ್ಟಳು.

"ಬೇಸಿನ್ ಇಡಬೇಕಾಯ್ತು," ಎಂದಳು.

"ಏನಂದ್ರಿ?"

"ಆವತ್ತು ಸಂಜೆ ಬಂದಾಗ ಅವನ ಮೈಯಿಂದ ನೀರು ಸುರೀತಿತ್ತು. ಅವನು ನಿಂತಲ್ಲೇ ಕಾಲ ಕೆಳಗೆ ಬೇಸಿನ್ ಇಟ್ಟೆ. ಹಲ್ಲು ಕಟಕಟ ಅಂತಿತ್ತು. ಏನಾಯ್ತೋ ಅಂದೆ. ಹೇಳಲಿಲ್ಲ. ಚಿಕ್ಕೋನಿದ್ದಾಗಿಂದ ನಾನೇ ಸಾಕಿದ್ದು. ನನ್ನ ಹತ್ರ ಏನೂ ಮುಚ್ಚಿಡದವನು. ಎರಡೇ ಮಾತು ಹೇಳಿದ. ಅಕ್ಕಾ, ಯಾರನ್ನಾದ್ರೂ ತೋರಿಸಿ ಇವನು ನಿನ್ನ ತಮ್ಮನಾ ಅಂತ ಕೇಳಿದ್ರೆ, ಹೌದು ಅನ್ನು. ಯಾಕೆ ಅಂತ ಕೇಳಬೇಡ ಅಂದ."

"ನೀವು ಕೇಳಲಿಲ್ಲ."

"ಕೇಳಲಿಲ್ಲ." ಅವಳ ದನಿ ಗಟ್ಟಿಯಾಗಿಯೇ ಇತ್ತು. "ನಾಲ್ಕು ದಿನ ಬಿಟ್ಟು ಪೊಲೀಸ್ನೋರು ಬಂದ್ರು. ಹೋಗಿ ನೋಡಿದೆ. ಹೌದು ಅಂದೆ. ಅಷ್ಟು ಸುಲಭ ಅದು. ಒಂದು ಮಾತು."

"ಆಗ ಅವರೆಲ್ಲಿದ್ರು?"

"ಮನೇಲೇ. ಅಡುಗೆಮನೆ ಅಟ್ಟದ ಮೇಲೆ. ಕೆಳಗೆ ಜನ ಬಂದು ನನ್ನ ಕೈ ಹಿಡ್ಕೊಂಡು ಅಳ್ತಿದ್ರು. ಅವನ ತರಬೇತುದಾರರು ಬಂದು ಮಗು ಥರ ಅತ್ತುಬಿಟ್ರು. ಎಲ್ಲಾ ಅವನ ಕಿವಿಗೆ ಬೀಳ್ತಿತ್ತು. ಎಲ್ಲಿ ಇಳಿದು ಬಂದುಬಿಡ್ತಾನೋ ಅಂತ ನನಗೆ ಭಯ ಇತ್ತು." ನೋಟುಬುಕ್ಕಿನ ಅಂಚು ಸವರಿದಳು. "ಇಳಿದು ಬಂದುಬಿಡಲಿ ಅಂತಾನೂ ಇತ್ತು."

ಮಣ್ಣು ಮಾಡಿದ ಮಾರನೆಯ ದಿನ ಬೆಳಕು ಹರಿಯುವ ಮುನ್ನ ಅವನು ಹೊರಟ. ಅಜ್ಜನ ಹೊಸ ಶೂಗಳನ್ನು ಅಕ್ಕನೇ ಬಗ್ಗಿ ಕೂತು ಕಟ್ಟಿದಳು, ಚಿಕ್ಕಂದಿನಲ್ಲಿ ಕಟ್ಟುತ್ತಿದ್ದ ಹಾಗೆ. ಎಲ್ಲಿಗೆಂದು ಹೇಳಲಿಲ್ಲ. ಒಂದು ಕಾಗದ ಬರಲಿಲ್ಲ, ಒಂದು ಫೋನು ಬರಲಿಲ್ಲ.

"ಪ್ರತಿ ವರ್ಷ ಅವನ ಹೆಸರಲ್ಲಿ ಓಟ ಇಡ್ತಾರೆ," ಎಂದಳು ಗಡಿಯಾರದಕ್ಕ. "ಗೆದ್ದೋರಿಗೆ ಕಪ್ಪು ಕೊಡೋಕೆ ನನ್ನನ್ನೇ ಕರೀತಾರೆ. ವೇದಿಕೆ ಮೇಲೆ ಭಾಷಣ ಮಾಡೋರು ಸ್ವರ್ಗಸ್ಥ ಅಂತ ಶುರು ಮಾಡ್ತಾರೆ. ನಾನು ಜನರ ಮಧ್ಯೆ ನೋಡ್ತಾ ಕೂತಿರ್ತೀನಿ. ಈಗ ಐವತ್ತೈದು ಆಗಿರುತ್ತೆ ಅವನಿಗೆ. ಕೂದಲು ಹೋಗಿರಬಹುದು, ನಮ್ಮಪ್ಪನಿಗೂ ಹೋಗಿತ್ತು. ಹೊಟ್ಟೆ ಬಂದಿರಬಹುದಾ ಅಂತ ಯೋಚಿಸ್ತೀನಿ. ಅವನಿಗೆ ಹೊಟ್ಟೆ ಬಂದಿದ್ರೆ ನೋಡಿ ನಗಬೇಕು ಅಂತ ಆಸೆ."

ಕಡತದಮ್ಮನ ಯಜಮಾನರು ತೀರಿಕೊಂಡು ಎಂಟು ವರ್ಷ. ಎಲ್ಲಿದ್ದಾರೆ ಎಂದು ಅವಳಿಗೆ ಗೊತ್ತು. ಅದೂ ಒಂದು ಭಾಗ್ಯವೇ ಎಂದು ಇಂದಿನವರೆಗೆ ಹೊಳೆದಿರಲಿಲ್ಲ.

"ನನ್ನನ್ನ ಹಿಡ್ಕೊಟ್ಟರೆ ಕೊಡಿ," ಎಂದಳು ಗಡಿಯಾರದಕ್ಕ. "ಅವನು ಸಿಕ್ಕಿದ್ರೆ ಮಾತ್ರ ಮೊದಲು ನನಗೆ ಹೇಳಿ. ಐದು ನಿಮಿಷ ಮುಂಚೆ ಸಾಕು."

"ಪೆಟ್ಟಿಗೇಲಿದ್ದೋರು ಯಾರು ಅಂತ ನಿಮಗೆ ಗೊತ್ತಿತ್ತಾ?"

"ಯಾರದೋ ಮನೆಯವರು ಅಂತ ಗೊತ್ತಿತ್ತು." ಈಗ ಮೊದಲ ಸಲ ಅವಳು ಮುಖ ಮುಚ್ಚಿಕೊಂಡಳು. "ಅವರ ಮನೇಲಿ ಯಾರಾದ್ರೂ ಕಾಯ್ತಿರ್ತಾರೆ ಅಂತಾನೂ ಗೊತ್ತಿತ್ತು. ಯಾಕೆ ಗೊತ್ತಾಗಲ್ಲ? ನಾನೂ ಕಾಯ್ತಿದ್ನಲ್ಲ."

•

ಚಿತ್ರಕಾರನ ಹೆಂಡತಿಗೆ ಊರಿನ ಹಳೆಯ ಬೀದಿಯಲ್ಲಿ ಚೌಕಟ್ಟಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮಹಡಿಯ ಮೇಲೆ ಗಂಡನ ಚಿತ್ರಶಾಲೆ. ಕಡತದಮ್ಮ ಹೋದಾಗ ಸಂಜೆ ಐದು ಗಂಟೆ. ಆಕೆ ಯಾರದೋ ಮದುವೆಯ ಫೋಟೋಗೆ ಗಾಜು ಕೂರಿಸುತ್ತಿದ್ದಳು.

ಬಾಗಿಲಲ್ಲೇ ಕಡತದಮ್ಮನ ಕಾಲು ನಿಧಾನವಾಯಿತು. ಇಂಥ ಸುದ್ದಿಯನ್ನು ಎಷ್ಟೋ ಮನೆಗಳಿಗೆ ಒಯ್ದವಳು. ಆದರೂ ಹತ್ತೊಂಬತ್ತು ವರ್ಷ ಕಾದ ಹೆಂಗಸಿಗೆ, ನಿನ್ನ ಗಂಡ ನಿನ್ನ ಮನೆಯಿಂದ ಎರಡು ಮೈಲಿ ದೂರದಲ್ಲಿ ಬೇರೊಬ್ಬನ ಸಮಾಧಿಕಲ್ಲಿನ ಕೆಳಗೆ ಮಲಗಿದ್ದಾನೆ ಎಂದು ಹೇಗೆ ಹೇಳುವುದು?

"ಬನ್ನಿ ಮೇಡಂ. ಕೂತ್ಕೊಳ್ಳಿ. ಗಾಜು ಹುಷಾರು."

ಕಡತದಮ್ಮ ಸ್ಟೂಲು ಎಳೆದು ಕೂತಳು. ನೀರು ಕೇಳಿ ಕುಡಿದಳು. ಆಮೇಲೆ, ಒಂದೊಂದೇ ಮೆಟ್ಟಿಲು ಇಳಿಯುವ ಹಾಗೆ ಶುರು ಮಾಡಿದಳು.

"ನಿಮ್ಮ ಯಜಮಾನರು ಕಾಣೆಯಾದ ವಾರ, ಹೊಳೇಲಿ ಒಂದು ಹೆಣ ಸಿಕ್ಕಿತ್ತು. ಓಟಗಾರರದು ಅಂತ ಸಮಾಧಿ ಮಾಡಿದ್ರು."

"ಗೊತ್ತು."

"ಇವತ್ತು ಎರಡು ಕಡೆಯಿಂದ ಖಾತ್ರಿಯಾಯ್ತು. ಆ ಸಮಾಧೀಲಿ ಇರೋದು ಓಟಗಾರರಲ್ಲ."

ಗಾಜು ಹಿಡಿದ ಕೈ ನಿಂತಿತು.

ಕಡತದಮ್ಮ ಮುಂದಿನ ಪ್ರಶ್ನೆಗೆ ಸಿದ್ಧಳಾದಳು. ಯಾರಾದರೂ ಕೇಳುವುದು ಒಂದೇ: ಹಾಗಾದರೆ ಅಲ್ಲಿರುವವರು ಯಾರು? ಅದಕ್ಕೆ ಉತ್ತರವನ್ನು ದಾರಿಯುದ್ದಕ್ಕೂ ಮೆದುಮಾಡಿಕೊಂಡು ಬಂದಿದ್ದಳು.

ಆಕೆ ಗಾಜನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮುಖಕ್ಕೆ ರಕ್ತ ಏರಿತ್ತು, ಐವತ್ತು ದಾಟಿದ ಮುಖ ಒಂದು ಕ್ಷಣ ಇಪ್ಪತ್ತರ ಹುಡುಗಿಯದಾಯಿತು.

"ಹಂಗಾದ್ರೆ ಅವರು ಬದುಕಿದ್ದಾರಾ?"

"ನೋಡಿ ಅಮ್ಮ, ನಿಮ್ಮ ಯಜಮಾನರು…"

"ಯಜಮಾನರ ವಿಷಯ ಅಲ್ಲ ಮೇಡಂ. ಅವರು. ಬದುಕಿದ್ದಾರಾ?"

ಕಡತದಮ್ಮನಿಗೆ ಒಮ್ಮೆಲೇ ಕೋಣೆ ಇನ್ನೊಂದು ದಿಕ್ಕಿಗೆ ತಿರುಗಿದಂತಾಯಿತು. ನಾಲ್ಕು ತಿಂಗಳ ಹಿಂದೆ ಈಕೆ ಕಚೇರಿಗೆ ಬಂದು ಹೇಳಿದ್ದು ಹೆಸರು ಮಾತ್ರ. ಇವರನ್ನು ಹುಡುಕಿಕೊಡಿ ಎಂದಿದ್ದಳು. ಹೆಂಡತಿ ಬಂದು ಹೆಸರು ಹೇಳಿದರೆ ಗಂಡನ ಹೆಸರೆಂದೇ ಯಾರಾದರೂ ತಿಳಿಯುತ್ತಾರೆ. ಗಂಡ ಕಾಣೆಯಾದ ಎಪ್ಪತ್ತು ದಿನಗಳ ಮೇಲೆ ಈಕೆ ಪೊಲೀಸರಿಗೆ ದೂರು ಕೊಟ್ಟದ್ದು ಕಡತದಲ್ಲಿತ್ತು. ಚಿತ್ರ ಬರೆಯಲು ತಿಂಗಳುಗಟ್ಟಲೆ ಹೋಗುತ್ತಿದ್ದ ಮನುಷ್ಯ, ಅದಕ್ಕೇ ತಡ ಎಂದು ಕಡತದಮ್ಮ ತಾನೇ ಸಮಾಧಾನ ಬರೆದುಕೊಂಡಿದ್ದಳು.

"ನಿಮಗೆ ಓಟಗಾರರು ಹೇಗೆ ಪರಿಚಯ?"

"ಹೆಸರಿಂದ." ಆಕೆಯ ದನಿಯಲ್ಲಿ ನಗುವಿನಂಥದೇನೋ ಇತ್ತು. "ಅವರ ಕಾಗದಗಳು ನಮ್ಮನೆಗೆ ಬರೋವು. ಅಂಚೆಯವರಿಗೆ ಗೊಂದಲ. ಸಂಘದ್ದು, ಪತ್ರಿಕೆಯವರದ್ದು, ಅಭಿಮಾನಿಗಳದ್ದು. ತಗೊಂಡು ಹೋಗೋಕೆ ಅವರು ಬರೋರು. ಮೊದಮೊದಲು ಬಾಗಿಲಲ್ಲೇ ನಿಂತು ಹೋಗೋರು. ಯಾವಾಗಲೂ ಬೆವತಿರೋರು, ಒಳಗೆ ಕೂರೋಕೆ ಸಂಕೋಚ. ಆಮೇಲೆ ಕಾಗದ ಬರದ ದಿನವೂ ಬಂದ್ರು. ನನ್ನ ಬಾಯಲ್ಲಿ ಆ ಹೆಸರು ಮನೇಲೂ ಒಂದೇ, ಮನಸಲ್ಲೂ ಒಂದೇ. ತಪ್ಪಿ ಕರೆದ್ರೂ ತಪ್ಪಾಗ್ತಿರಲಿಲ್ಲ."

ಆಕೆ ಮೇಜಿನ ಖಾನೆ ಎಳೆದು ಒಂದು ಲಕೋಟೆ ತೆಗೆದಳು.

"ಇದೂ ಹಾಗೇ ತಪ್ಪಿ ಬಂದಿದ್ದು. ಗಣ್ಯರ ಕೋಶ ಮಾಡಿದ ಸಂಪಾದಕರಿಗೆ ಯಾರೋ ಒಂದು ತಿದ್ದುಪಡಿ ಬರೆದಿದ್ರು. ಸಹಿ ಇಲ್ಲ. ಅವರು ಹೆಸರು ನೋಡಿ, ಮನೆಯವರ ಗಮನಕ್ಕೆ ಅಂತ ನನಗೆ ಕಳಿಸಿದ್ರು."

ನಾಲ್ಕೇ ಸಾಲು. ಹತ್ತು ಸಾವಿರ ಮೀಟರಿನ ದಾಖಲೆಯನ್ನು ತಾವು ಆರು ಸೆಕೆಂಡು ಹೆಚ್ಚಿಗೆ ಮುದ್ರಿಸಿದ್ದೀರಿ, ದಯವಿಟ್ಟು ಸರಿಪಡಿಸಬೇಕು ಎಂದು, ಶಾಲೆಯ ಹುಡುಗ ಬರೆದಂಥ ದಪ್ಪ ಅಕ್ಷರ. ಸತ್ತು ಹತ್ತೊಂಬತ್ತು ವರ್ಷವಾದವನ ಆರು ಸೆಕೆಂಡಿಗಾಗಿ ಜಗತ್ತಿನಲ್ಲಿ ಯಾರಿಗೆ ನೋವಾಗುತ್ತದೆ?

"ಅವರ ಅಕ್ಷರ," ಎಂದಳು ಆಕೆ. "ನನಗೆ ಬರೆದಿದ್ದು ಎರಡೇ ಚೀಟಿ. ಆದ್ರೂ ಕತ್ತಲಲ್ಲಿ ಇಟ್ಟರೂ ಗುರುತು ಹಿಡೀತೀನಿ. ಇದನ್ನ ನೋಡಿದ ಮೇಲೇ ನಿಮ್ಮ ಹತ್ರ ಬಂದಿದ್ದು. ಅಲ್ಲಿವರೆಗೂ ಅವರು ಆ ಕಲ್ಲಿನ ಕೆಳಗೆ ಇದ್ದಾರೆ ಅಂತಲೇ ನಂಬಿದ್ದೆ. ಪ್ರತಿ ವರ್ಷ ಯಾರೂ ಇಲ್ಲದ ಹೊತ್ತು ನೋಡಿ ಹೋಗಿ ಹೂ ಇಟ್ಟು ಬರ್ತಿದ್ದೆ." ಸಟ್ಟನೆ ಏನೋ ಹೊಳೆದಂತೆ ಆಕೆ ಮೇಜಿನ ಅಂಚು ಹಿಡಿದಳು. "ಅಲ್ಲಿ ಇದ್ದದ್ದು ನನ್ನ ಗಂಡ, ಅಲ್ವಾ ಮೇಡಂ?"

"ಹೌದಮ್ಮ."

"ಹತ್ತೊಂಬತ್ತು ವರ್ಷ ಅವರಿಗೇ ಹೂ ಇಟ್ಟೆ." ಆಕೆ ಅಳಲಿಲ್ಲ. ಬಹಳ ಹೊತ್ತು ಆ ಮದುವೆಯ ಫೋಟೋವನ್ನೇ ನೋಡಿದಳು. "ಹೋಗಲಿ. ಅವರಿಗೂ ಸಿಗಬೇಕಿತ್ತು."

ಕಡತದಮ್ಮ ತನ್ನ ಪುಸ್ತಕ ತೆರೆದಳು. "ಒಂದು ಮಾತು ಕೇಳ್ತೀನಿ, ಯೋಚನೆ ಮಾಡಿ ಉತ್ತರ ಕೊಡಿ. ಹೆಣ ಯಾರದು ಅಂತ ಪೊಲೀಸರಿಗೇ ಗೊತ್ತಾಗಲಿಲ್ಲ. ಅಲ್ಲಿರೋದು ನಿಮ್ಮ ಯಜಮಾನರು ಅಂದಾಗ ನೀವು ಯಾವಾಗ, ಹೇಗೆ ಅಂತ ಕೇಳಲೇ ಇಲ್ಲ. ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ಹೇಗೆ?"

ಆಕೆ ಹೋಗಿ ಅಂಗಡಿಯ ಬಾಗಿಲು ಮುಂದಕ್ಕೆ ಎಳೆದು ಬಂದಳು. ಎದುರಿಗೆ ಕೂತಳು. ಕೈಗಳೆರಡನ್ನೂ ಮೇಜಿನ ಮೇಲೆ, ಅಂಗೈ ಮೇಲಾಗಿ ಇಟ್ಟಳು, ಯಾರೋ ಪರೀಕ್ಷೆಗೆ ಕೇಳಿದ ಹಾಗೆ. ಬೆರಳ ತುದಿಗಳಲ್ಲಿ ಗಾಜು ಕೊಯ್ದ ಸಣ್ಣ ಸಣ್ಣ ಗೆರೆಗಳಿದ್ದವು.

"ಆವತ್ತು ಸೇತುವೆ ಮೇಲೆ ನಾವು ಮೂರು ಜನ ಇದ್ವಿ," ಎಂದಳು. "ಅವರು ನೀರಿಗೆ ಹಾರಿದ್ದು ನನ್ನ ಗಂಡನ್ನ ಎತ್ತೋದಕ್ಕೆ. ತಳ್ಳಿದ್ದು ಅವರಲ್ಲ. ಮೊದಲು ಅದನ್ನ ಬರ್ಕೊಳ್ಳಿ ಮೇಡಂ."